ಅರ್ಧ ಹಾಳೆಯ ಬಿಲ್ಟಿ

ಮಧ್ಯಾಹ್ನದ ಪಾತ್ರೆ ತೊಳೆದು ಬೋರಲು ಹಾಕಿ, ಅತ್ತೆ ಚಾಪೆ ಹಾಸಿಕೊಂಡ ಮೇಲೆ ನಾನು ಕೋಡ್ ಅಳಿಸಲಿಕ್ಕೆ ಕೂರುತ್ತಿದ್ದೆ. ಶಿರಸಿಯಲ್ಲಿ ಆ ಹೊತ್ತಿಗೆ ಕರೆಂಟು ಸಾಮಾನ್ಯವಾಗಿ ಇರುತ್ತಿತ್ತು. ಬೆಳಿಗ್ಗೆ, ಸಂಜೆಯದ್ದನ್ನು ನಂಬಿ ಕೆಲಸ ಹಚ್ಚಿಕೊಳ್ಳುವ ಹಾಗಿರಲಿಲ್ಲ.

ಕೋಡ್ ಬರೆಯುತ್ತೇನೆ ಅಂದರೆ ಜನ ಹುಬ್ಬೇರಿಸುತ್ತಿದ್ದರು. ಅಳಿಸುತ್ತೇನೆ ಅಂದರೆ ನಗುತ್ತಿದ್ದರು. ವಿಷಯ ಇಷ್ಟೇ. ಪತ್ರ ಬರೆಯಲಿಕ್ಕೆ, ಲೆಕ್ಕದ ಕೋಷ್ಟಕ ಮಾಡಲಿಕ್ಕೆ ಇರುವ ಒಂದು ದೊಡ್ಡ ತಂತ್ರಾಂಶ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಿ ಕಳಿಸಬಹುದು. ಎಲ್ಲೆಲ್ಲೋ ಕೂತವರು ಕಳಿಸಿದ ತಿದ್ದುಪಡಿಗಳಿಂದಲೇ ಅದು ಬೆಳೆದಿತ್ತು. ನಾನು ಅದರ ಮೆನುಗಳನ್ನು ಕನ್ನಡ ಮಾಡಲಿಕ್ಕೆಂದು ಸೇರಿಕೊಂಡವಳು, ಕ್ರಮೇಣ ಒಳಕೋಣೆಗೂ ಇಣುಕಿದೆ.

ಒಳಗೆ ಹೋದರೆ ಎಲ್ಲಿ ನೋಡಿದರೂ ಕವಲು. ಯಂತ್ರದಲ್ಲಿ ಹಳೇ ವಿಂಡೋಸ್ ಇದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು. ಹಳೇ ವಿಂಡೋಸ್ ಅಂದರೆ ತೊಂಬತ್ತರ ದಶಕದ್ದು. ಅದಕ್ಕೆ ಹೊಸ ಅಕ್ಷರಗಳ ಪದ್ಧತಿ ಗೊತ್ತಿಲ್ಲ, ದೊಡ್ಡ ಫೈಲು ತಡೆಯುವುದಿಲ್ಲ. ಹೀಗಾಗಿ ಅದಕ್ಕೊಂದು ಬೇರೆ ದಾರಿ ಮಾಡಿಟ್ಟಿದ್ದರು. ತಂತ್ರಾಂಶದ ಮುಂದಿನ ಆವೃತ್ತಿ ಆ ಹಳೇ ವಿಂಡೋಸಿನಲ್ಲಿ ಓಡುವುದೇ ಇಲ್ಲ ಎಂದು ತೀರ್ಮಾನವಾಗಿತ್ತು. ಅಂದಮೇಲೆ ಆ ದಾರಿಗಳನ್ನೆಲ್ಲ ಮುಚ್ಚಬೇಕು, ಕವಲು ತೆಗೆದು ನೇರ ಮಾಡಬೇಕು. ಬುದ್ಧಿವಂತರಿಗೆ ಬೇಸರ ತರಿಸುವ ಕೆಲಸ. ಅಕ್ಕಿ ಆರಿಸಿ ರೂಢಿಯಿದ್ದವರಿಗೆ ಅಡ್ಡಿಯಿಲ್ಲ. ಪ್ರಿಂಟಿಂಗ್ ವಿಭಾಗ ನಾನು ಮಾಡುತ್ತೇನೆ ಎಂದು ಗುಂಪಿಗೆ ಮೇಲ್ ಹಾಕಿದೆ.

ಒಂದು ದಿನ ಅತ್ತೆ ಚಾಪೆಯ ಮೇಲಿಂದಲೇ ಕೇಳಿದರು, "ದಿನಾ ಕುಂತು ಎಂತ ಮಾಡ್ತ್ಯೇ ಅದ್ರಲ್ಲಿ?"

"ಹಳೇದು ತೆಗೀತಾ ಇದ್ದೆ ಅತ್ತೆ. ಅಟ್ಟ ಗುಡಿಸಿದ ಹಾಂಗೆ."

"ಯಾರಿಗಾರೂ ಬೇಕಾಗ್ತಾ ಕೇಳಿದ್ಯನೇ?"

ಅತ್ತೆಯ ತವರು ಸಿದ್ದಾಪುರದ ಬಿಳಗಿ ಕಡೆ. ಅಲ್ಲಿಂದ ಅವರು ತಂದ ಒಂದು ಕ್ರಮವನ್ನು ಶಿರಸಿ ಪೇಟೆಯ ಈ ಸಣ್ಣ ಮನೆಯಲ್ಲೂ ಬಿಟ್ಟಿರಲಿಲ್ಲ. ಅಟ್ಟದಿಂದ ಇಳಿಸಿದ ಸಾಮಾನನ್ನು ಸೀದಾ ಹೊರಗೆ ಹಾಕುವಂತಿಲ್ಲ. ಮೊದಲು ಜಗಲಿಗೆ ಬರಬೇಕು. ಹಿಂದೆ ಯಾರ್ಯಾರು ಅದನ್ನು ಕೇಳಿ ಒಯ್ಯುತ್ತಿದ್ದರೋ ಆ ಮನೆಗಳಿಗೆ ಹೇಳಿ ಕಳಿಸಬೇಕು. ಕೆಲವು ದಿನ ಹಾಗೇ ಇದ್ದು, ಯಾರೂ ಬಾರದೆ ಹೋದರೆ ಬೋರಲು ಹಾಕಿ ತಟ್ಟಿ ನೋಡಬೇಕು, ಒಳಗೆ ಏನಾದರೂ ಸಿಕ್ಕಿಕೊಂಡಿದೆಯಾ ಅಂತ. ಆಮೇಲೆ ಬಿಸಾಕುವುದು. ಹೊಸದಾಗಿ ಮದುವೆಯಾಗಿ ಬಂದಾಗ ಇದು ಏನನ್ನೂ ಬಿಸಾಕದೆ ಇರುವವರ ಉಪಾಯ ಎಂದುಕೊಂಡಿದ್ದೆ. ನಮ್ಮ ಜಗಲಿಯಲ್ಲಿ ಒಂದು ಬಿರುಕು ಬಿಟ್ಟ ಉಪ್ಪಿನಕಾಯಿ ಭರಣಿ ಎಷ್ಟು ಕಾಲ ಕೂತಿತ್ತೆಂದರೆ, ಪೇಪರ್ ಹಾಕುವವ ಪೇಪರನ್ನು ಅದರೊಳಗೇ ಇಟ್ಟು ಹೋಗುತ್ತಿದ್ದ.

"ಯಾರಿಗೂ ಬೇಡ ಅತ್ತೆ. ಅದನ್ನೆಲ್ಲ ಈಗ ಯಾರೂ ಇಟ್ಕಂಡಿದ್ವಿಲ್ಲೆ," ಅಂದೆ. ಹಾಗೆ ಅನ್ನುವಾಗಲೇ ಯಲ್ಲಾಪುರದ ಒಂದು ಯಂತ್ರ ನೆನಪಾಯಿತು.

ತೊಂಬತ್ತರ ದಶಕದ ಕೊನೆಗೆ ಶಿರಸಿಯ ಒಂದು ಟೈಪಿಂಗ್ ಕ್ಲಾಸಿನವರು ಮಹಡಿಯ ಮೇಲೆ ಕಂಪ್ಯೂಟರ್ ತರಗತಿ ತೆಗೆದಿದ್ದರು. ಅಲ್ಲಿ ನಾನು ಕಲಿಸುತ್ತಿದ್ದೆ. ಚಪ್ಪಲಿ ಹೊರಗೆ ಬಿಡಬೇಕು, ಯಂತ್ರಕ್ಕೆ ಹಸಿರು ಬಟ್ಟೆಯ ಮುಸುಕು. ಮೊದಲ ತಂಡದಲ್ಲೇ ಬಂದ ಒಬ್ಬಳು ಪೇಟೆಯ ಮುಸ್ಲಿಂ ಮನೆತನದ ಹುಡುಗಿ. ಕೀಬೋರ್ಡ್ ನೋಡದೆ ಟೈಪ್ ಮಾಡುವವಳು ಅವಳೊಬ್ಬಳೇ. ಯಲ್ಲಾಪುರದ ಲಾರಿ ಸಾಗಾಣಿಕೆಯ ಮನೆಗೆ ಮದುವೆಯಾಗಿ ಹೋದಳು. ತರಗತಿ ಮುಚ್ಚಿದಾಗ ತಾನು ಕಲಿತ ಯಂತ್ರವನ್ನೇ ಕೇಳಿ ತರಿಸಿಕೊಂಡಳು. ಮನೆಯ ಮುಂದಿನ ಕೋಣೆಯಲ್ಲಿ ಅದನ್ನಿಟ್ಟು, ಹುಬ್ಬಳ್ಳಿಯ ಒಂದು ದೊಡ್ಡ ಸಾಗಾಣಿಕೆ ಕಚೇರಿಗೆ ಯಲ್ಲಾಪುರದ ಬುಕಿಂಗ್ ಮಾಡುತ್ತಿದ್ದಳು. ಲಾರಿಗೆ ಮಾಲು ಹತ್ತಿದರೆ ಅದಕ್ಕೊಂದು ಬಿಲ್ಟಿ ಬೇಕು, ಯಾರ ಮಾಲು, ಎಲ್ಲಿಗೆ, ಎಷ್ಟು ಚೀಲ ಎಂಬ ರಸೀದಿ. ಅದನ್ನು ಕೊಡುವವಳು ಇವಳು. ಅವಳ ಯಂತ್ರದಲ್ಲಿದ್ದದ್ದು ಅದೇ ಹಳೇ ವಿಂಡೋಸ್. ಅದರೊಳಗೆ ಇದೇ ತಂತ್ರಾಂಶದ ಹಳೇ ಆವೃತ್ತಿಯನ್ನು ಹಾಕಿಕೊಟ್ಟವಳು ನಾನೇ.

ಸಂಜೆ ಫೋನ್ ಮಾಡಿದೆ.

"ನಾನೇ ಮಾಡೋಳಿದ್ದೆ ಟೀಚರ್," ಅಂದಳು. ಇಷ್ಟು ವರ್ಷವಾದರೂ ನಾನು ಅವಳಿಗೆ ಟೀಚರ್ರೇ. "ಹುಬ್ಬಳ್ಳಿಯವ್ರು ಕಳ್ಸಿದ್ ಫೈಲು ತೆರೀತಾನೇ ಇಲ್ರೀ. ಅವ್ರು ಹೊಸಾದು ಹಾಕ್ಕೊಂಡಾರಂತ. ಮಳಿಗಾಲ ಮುಗಿಯೂತನ ನೋಡ್ತೀವಿ, ಆಮ್ಯಾಲ ಬುಕಿಂಗ್ ಎಲ್ಲಾ ಹುಬ್ಬಳ್ಳಿಯಿಂದ್ಲೇ ಮಾಡ್ಕೋತೀವಿ ಅಂದ್ರು."

"ಹಾಗಾದ್ರೆ ನಿನ್ನ ಕೆಲಸ?"

"ಅದನ್ನೇ ನಾನೂ ಕೇಳ್ದೆ. ನೀವು ಆರಾಮ ಮನ್ಯಾಗ ಇರ್ರಿ ಅಂದ್ರು. ಮನ್ಯಾಗೇ ಇದ್ದೇನಲ್ಲ ನಾ."

ಅವಳ ನಗು ಫೋನಿನಲ್ಲಿ ಅರ್ಧಕ್ಕೇ ನಿಂತಿತು. ಹುಬ್ಬಳ್ಳಿಯವರು ಹಾಕಿಕೊಂಡದ್ದು ಮುಂದಿನ ಆವೃತ್ತಿಯ, ಬಿಡುಗಡೆಗೆ ಮೊದಲೇ ಹೊರಬಿಟ್ಟ ಪರೀಕ್ಷಾ ಪ್ರತಿ. ಅವರ ಫೈಲು ತೆರೆಯಲಿಕ್ಕೆ ಅದೇ ಬೇಕು, ಅದು ಅವಳ ವಿಂಡೋಸಿನಲ್ಲಿ ಓಡುವುದಿಲ್ಲ, ಓಡದಂತೆ ಕವಲು ಅಳಿಸುತ್ತಿರುವವಳು ನಾನು. ಇದನ್ನು ಅವಳಿಗೆ ಹೇಳಿದೆ ಕೂಡ. "ನೀವೇ ತೆಗ್ಯೋದಾದ್ರ ಛಲೋ ಆತು. ಪರಿಚಯದವ್ರು," ಅಂದಳು.

ನಾನು ಗುಂಪಿಗೆ ಬರೆದೆ: ನಮ್ಮ ಜಿಲ್ಲೆಯಲ್ಲಿ ಇದನ್ನು ಬಳಸುವವರು ಒಬ್ಬರು ಇದ್ದಾರೆ. ಪ್ರಿಂಟಿಂಗ್ ವಿಭಾಗವನ್ನು ನೋಡಿಕೊಳ್ಳುವ ಹಿರಿಯರು ಯಾವುದೋ ಚಳಿ ದೇಶದವರು, ಎರಡು ಸಾಲಿಗಿಂತ ಹೆಚ್ಚು ಬರೆಯುವವರಲ್ಲ. ಒಬ್ಬರಿಗಾಗಿ ಉಳಿಸಲಾಗದು, ಆದರೆ ನಿಮ್ಮ ವಿಭಾಗವನ್ನು ಕೊನೆಗೆ ಇಟ್ಟುಕೊಳ್ಳಿ, ಅವರ ಯಂತ್ರವನ್ನು ನೋಡಿ ಬನ್ನಿ, ಎಂದು ಉತ್ತರ ಬಂತು. ಅತ್ತೆಗೆ ಓದಿ ಹೇಳಿದೆ. "ಅವ್ರ ಮನೇಲೂ ಜಗಲಿ ಇದ್ದಿಕ್ಕು," ಅಂದರು.

ಮಂಚಿಕೇರಿ ಮೇಲೆ ಹೋಗುವ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋದೆ. ಚೀಲದಲ್ಲಿ, ವಿಂಡೋಸಿನ ಬದಲು ದುಡ್ಡಿಲ್ಲದೆ ಹಾಕಿಕೊಳ್ಳಬಹುದಾದ ಲಿನಕ್ಸಿನ ಸೀಡಿ, ಹೊಸ ಆವೃತ್ತಿಯ ಪರೀಕ್ಷಾ ಪ್ರತಿ, ಬೇರೆ ಯಂತ್ರದಿಂದ ಬಿಚ್ಚಿದ ಒಂದು ಮೆಮೊರಿ ತುಂಡು, ಅತ್ತೆ ಕಟ್ಟಿಕೊಟ್ಟ, ಹಾಳೆಯಂಥ ತೆಳು ಸಿಹಿ ತೊಡದೇವು. ನನ್ನ ಎಣಿಕೆ ಸರಳವಿತ್ತು: ವಿಂಡೋಸಿನ ಪಕ್ಕಕ್ಕೆ ಲಿನಕ್ಸ್ ಹಾಕುವುದು, ಅದರಲ್ಲಿ ಹೊಸ ಆವೃತ್ತಿ ಓಡಿಸುವುದು. ಹಳೇದನ್ನು ಸದ್ಯ ಮುಟ್ಟುವುದು ಬೇಡ.

ಹಾಕುವುದರಲ್ಲಿ ಮಧ್ಯಾಹ್ನವಾಯಿತು. ಅವಳು ನಡುನಡುವೆ ಎದ್ದು ಹೋಗಿ ಅನ್ನಕ್ಕಿಟ್ಟು ಬಂದಳು, ಹಮಾಲರಿಗೆ ಕಿಟಕಿಯಿಂದಲೇ ಉತ್ತರ ಕೊಟ್ಟಳು. ಹುಬ್ಬಳ್ಳಿಯ ಫೈಲು ತೆರೆಯಿತು. ಅವಳು ಕುರ್ಚಿ ಎಳೆದುಕೊಂಡು ಕೂತು ಒಂದು ಬಿಲ್ಟಿ ಟೈಪ್ ಮಾಡಿ ಪ್ರಿಂಟ್ ಕೊಟ್ಟಳು. ಆ ಕರಕರ ಸದ್ದಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಂಚಿಗೆ ತೂತುಗಳಿರುವ ಮಡಿಕೆ ಮಡಿಕೆ ಕಾಗದ. ಬಿಲ್ಟಿ ಸರಿಯಾಗಿ ಮೂಡಿತು. ಆದರೆ ಪ್ರಿಂಟರ್ ನಿಲ್ಲಲಿಲ್ಲ, ಮುಂದಿನ ಖಾಲಿ ಬಿಲ್ಟಿಯನ್ನೂ ಎಳೆದು ಹೊರಗೆ ಹಾಕಿತು. ಎರಡನೇ ಸಲವೂ ಅದೇ.

ಬಿಲ್ಟಿಯ ಹಾಳೆ ಮಾಮೂಲು ಹಾಳೆಯ ಅರ್ಧದಷ್ಟೇ ಉದ್ದ. ಪ್ರಿಂಟರಿಗೆ ಅದು ಪೂರ್ತಿ ಹಾಳೆ ಎಂದೇ ಭ್ರಮೆ. ಒಂದು ಹೊಡೆದರೆ ಒಂದು ದಂಡ. ಪ್ರತಿ ಬಿಲ್ಟಿಯ ಮೇಲೂ ಮೊದಲೇ ಅಚ್ಚಾದ ಕ್ರಮಸಂಖ್ಯೆ ಇರುತ್ತದೆ. ಒಂದು ತಪ್ಪಿದರೂ ಹುಬ್ಬಳ್ಳಿಗೆ ಕಾರಣ ಹೇಳಬೇಕು.

ಅವಳ ಗಂಡ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತು ನೋಡಿದ. ಲಾರಿ ಅವನೇ ಓಡಿಸುತ್ತಿದ್ದ. "ಹಳೇ ಗಾಡಿಗೆ ಹೊಸ ಡ್ರೈವರ್ ಕೂಡ್ಸೀರಿ ಟೀಚರ್. ಬ್ರೇಕ್ ಎಲ್ಲೈತಿ ಅಂತ ಅವಂಗ್ ಗೊತ್ತಿಲ್ಲ," ಅಂದ.

"ನಿಮ್ ಗಾಡಿ ಅರಬೈಲ್ ಘಾಟಿನ್ಯಾಗ ನಿಂತಾಗ ನಾ ಏನರ ಅಂದಿದ್ನೇನು?" ಅಂದಳು ಅವಳು, ಪ್ರಿಂಟರಿನ ಕಡೆಯಿಂದ ಮುಖ ಎತ್ತದೆ.

ಯಂತ್ರವನ್ನು ಮತ್ತೆ ಹಳೇ ವಿಂಡೋಸಿನಲ್ಲಿ ಎಬ್ಬಿಸಿ ಹಳೇ ಆವೃತ್ತಿಯಿಂದ ಒಂದು ಬಿಲ್ಟಿ ಹೊಡೆದೆವು. ಸರಿಯಾಗಿ ಮಡಿಕೆಯ ಗೆರೆಗೆ ಬಂದು ನಿಂತಿತು. ಅದೇ ತಂತ್ರಾಂಶ, ಅದೇ ಪ್ರಿಂಟರ್. ಹಳೇದಕ್ಕೆ ಹಾಳೆ ಗಿಡ್ಡ ಅಂತ ಗೊತ್ತಿದೆ, ಹೊಸದಕ್ಕೆ ಇಲ್ಲ. ಅವಳು ಹಾಳಾದ ಎರಡು ಬಿಲ್ಟಿಗಳನ್ನು ನೀಟಾಗಿ ಹರಿದು ಮೊಳೆಗೆ ಚುಚ್ಚಿಟ್ಟಳು. "ಇರ್ಲಿ ಟೀಚರ್. ಊಟ ಮಾಡ್ರಿ," ಅಂದಳು. ತೊಡದೇವು ಅವಳ ಗಂಡನಿಗೆ ಬಹಳ ಸೇರಿತು. ನಾನು ಮಾತ್ರ ದಿನ ಲೆಕ್ಕ ಹಾಕುತ್ತಿದ್ದೆ, ಮಳೆಗಾಲ ಆಗಲೇ ಮುಗಿಯುತ್ತ ಬಂದಿತ್ತು.

ಮರುದಿನ ಪಾತ್ರೆ ತೊಳೆದವಳೇ ಪ್ರಿಂಟಿಂಗ್ ವಿಭಾಗ ತೆರೆದೆ. ಹಳೇ ವಿಂಡೋಸಿನ ಕವಲುಗಳನ್ನು ಒಂದೊಂದಾಗಿ ಬೋರಲು ಹಾಕಿ ತಟ್ಟಿದೆ ಅನ್ನಬಹುದು. ಹೆಚ್ಚಿನವು ನಿಜವಾಗಿಯೂ ಹಳೇ ವಿಂಡೋಸಿಗೆ ಮಾತ್ರ ಸಂಬಂಧಪಟ್ಟವು. ಒಂದರಲ್ಲಿ ಮಾತ್ರ, ನಡುಮಧ್ಯೆ, ನಾಲ್ಕಾರು ಸಾಲು ಬೇರೆ ಮಾತಾಡುತ್ತಿದ್ದವು: ಇಂಥ ಉದ್ದದ ಕಾಗದ ತನಗೆ ಗೊತ್ತಿಲ್ಲ ಎಂದು ಪ್ರಿಂಟರ್ ಹೇಳಿದರೆ, ಬರೆದವರು ಪುಟಕ್ಕೆ ಎಷ್ಟು ಉದ್ದ ಇಟ್ಟಿದ್ದಾರೋ ಅಷ್ಟನ್ನೇ ಅದಕ್ಕೆ ತಿಳಿಸು. ಇದರಲ್ಲಿ ವಿಂಡೋಸಿನದ್ದು ಏನೂ ಇಲ್ಲ. ಹಿಂದೆ ಯಾರೋ, ಗಿಡ್ಡ ಕಾಗದದ ತೊಂದರೆ ಎದುರಾದವರು, ತಮ್ಮ ಮೇಜಿನ ಮೇಲೆ ಹಳೇ ವಿಂಡೋಸ್ ಇದ್ದದ್ದಕ್ಕೆ ಅದರ ಕವಲಿನಲ್ಲೇ ಇಟ್ಟು ಹೋಗಿದ್ದರು. ಕೈಗೆ ಹತ್ತಿರ ಇದೆ ಅಂತ ಹೊಲಿಗೆಯ ಸೂಜಿಯನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿದ ಹಾಗೆ. ಅಂಥದ್ದು ನಮ್ಮ ಮನೆಯಲ್ಲೂ ನಡೆಯುತ್ತದೆ.

ಆ ಸಾಲುಗಳನ್ನು ಕವಲಿನಿಂದ ಈಚೆ ತಂದು, ಎಲ್ಲ ಯಂತ್ರಗಳೂ ಹಾಯುವ ದಾರಿಯಲ್ಲಿ ಇಟ್ಟೆ. ಅಳಿಸುವ ಕೆಲಸ ಬದಿಗಿಟ್ಟು ಇದಷ್ಟನ್ನೇ ಕಳಿಸಿದೆ. ಹಿರಿಯರು ಕೇಳಿದರು: ಇಂಥ ಕಾಗದ ಈಗ ಯಾರು ಬಳಸುತ್ತಾರೆ? ನಾನು ಬಿಲ್ಟಿಯ ವಿಷಯ, ಕ್ರಮಸಂಖ್ಯೆಯ ವಿಷಯ, ಕಿಟಕಿಯಾಚೆ ಕಾಯುವ ಲಾರಿಯ ವಿಷಯ ಎಲ್ಲ ಬರೆದೆ. ಸ್ವಲ್ಪ ಉದ್ದವೇ ಆಯಿತು. ಉತ್ತರ ಬರಲಿಲ್ಲ. ದಿನಾ ಮೇಲ್ ತೆರೆಯುವುದು, ಮುಚ್ಚುವುದು. ಅತ್ತೆ, "ಪತ್ರ ಬಂತನೇ?" ಅಂತ ಊಟಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಕೇಳುತ್ತಿದ್ದರು. ಕಡೆಗೆ ಗುಂಪಿನಲ್ಲಿ ಬೇರೆ ಯಾರೋ ಬರೆದರು: ನಮ್ಮ ಊರಿನ ಔಷಧಿ ಅಂಗಡಿಯಲ್ಲೂ ಇಂಥದ್ದೇ ಗಿಡ್ಡ ಕಾಗದ, ಈ ತಿದ್ದುಪಡಿ ಹಾಕಿ ನೋಡಿದೆ, ಸರಿಯಾಗಿ ನಿಲ್ಲುತ್ತದೆ. ಅದರ ಕೆಳಗೆ ಹಿರಿಯರದ್ದು ಒಂದೇ ಸಾಲು, ಸೇರಿಸಿದ್ದೇನೆ ಎಂದು.

ಮುಂದಿನ ಪರೀಕ್ಷಾ ಪ್ರತಿ ಬಂದದ್ದೇ ಮತ್ತೆ ಮಂಚಿಕೇರಿ ಬಸ್ಸು. ಈ ಸಲ ಅವಳು ಅನ್ನಕ್ಕೂ ಇಟ್ಟಿರಲಿಲ್ಲ, ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಗಂಡ ಲಾರಿ ನಿಲ್ಲಿಸಿ ಬಂದು ಕಿಟಕಿಗೆ ಒರಗಿದ್ದ. ಅವಳು ಬಿಲ್ಟಿ ಪ್ರಿಂಟ್ ಕೊಟ್ಟಳು. ಕರಕರ ಅಂದು, ಮಡಿಕೆಯ ಗೆರೆಗೆ ಬಂದು ನಿಂತಿತು. ಇನ್ನೊಂದು ಕೊಟ್ಟಳು. ನಿಂತಿತು.

"ಬ್ರೇಕ್ ಹತ್ತಾವ," ಅಂದ ಗಂಡ.

ಅವಳು ಹುಬ್ಬಳ್ಳಿಗೆ ಫೋನ್ ಹಚ್ಚಿದಳು. "ಫೈಲ್ ತೆರೀತ್ರಿ. ಬಿಲ್ಟಿ ನಂಬರ್ ಹೇಳ್ತೇನಿ, ಬರ್ಕೊಳ್ರಿ," ಅಂತಷ್ಟೇ ಅಂದು ನಂಬರ್ ಹೇಳಿದಳು. ಆಚೆಯವರು ಏನೋ ಅಂದಿರಬೇಕು. "ಹೌದ್ರಿ, ಮನ್ಯಾಗಿಂದನೇ," ಅಂದಳು.

ಹೊರಡುವಾಗ ಕೇಳಿದೆ, "ಹಳೇ ವಿಂಡೋಸ್ ತೆಗೆದುಬಿಡಲಾ?"

"ಸ್ವಲ್ಪ ದಿನ ಇರ್ಲಿ ಟೀಚರ್."

ಇರಲಿ ಎಂದು ಬಂದೆ. ನನ್ನ ಕಡೆಯ ಕವಲುಗಳನ್ನೂ ಮುಟ್ಟಲಿಲ್ಲ. ಹಿರಿಯರು ಒಮ್ಮೆ ನೆನಪಿಸಿದರು, ಆಗುತ್ತದೆ ಎಂದು ಬರೆದೆ. ದೀಪಾವಳಿಯ ಎದುರು, ಲೋಡಿನ ಗಡಿಬಿಡಿಯ ದಿನಗಳಲ್ಲಿ ಅವಳ ಫೋನ್ ಬಂತು. ಊರ ಸುದ್ದಿ, ಮಗಳ ಕೆಮ್ಮು, ಡೀಸೆಲ್ ರೇಟು ಎಲ್ಲ ಆದ ಮೇಲೆ, "ಹಳೇದನ್ನ ನಾನು ತೆರದೇ ಇಲ್ರೀ ಇಷ್ಟ್ ದಿನ. ಅದ್ರ ನೆಪ್ಪ ಸೈತ ಆಗ್ಲಿಲ್ಲ. ತಗೀರಿ," ಅಂದಳು.

ಮರುದಿನ ಮಧ್ಯಾಹ್ನ ಪ್ರಿಂಟಿಂಗ್ ವಿಭಾಗದ ಕವಲು ಅಳಿಸಲಿಕ್ಕೆ ಕೂತೆ. ಅತ್ತೆ ಚಾಪೆಯ ಮೇಲೆ ಮಗ್ಗುಲಾದವರು ಕೀಲಿಗಳ ಸದ್ದಿಗೆ ಕಣ್ಣು ಬಿಟ್ಟರು.

"ಅದನ್ನೇ ತೆಗೀತಾ ಇದ್ಯನೇ?"

"ಹೌದು."

"ಕೇಳಿದ್ಯ?"

"ಕೇಳಿ ಆತು ಅತ್ತೆ."

"ಹಂಗಾರೆ ತೆಗಿ," ಅಂದು ಅವರು ಗೋಡೆಯ ಕಡೆ ತಿರುಗಿದರು. ಕವಲು ಹೋಗಿ ಸಾಲುಗಳು ನೇರವಾದವು. ಕಳಿಸಿ, ಯಂತ್ರ ಮುಚ್ಚಿ, ಚಹಕ್ಕೆ ನೀರಿಟ್ಟೆ.