ಇಟಾಸ್ಕಾದಲ್ಲಿ ನಾನು ಹಾಕಿದ ವೋಟು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಚಿಕ್ಕಂದಿನಿಂದಲೂ ಇದೆ, ಮೈಸೂರು ಬಿಟ್ಟು ಡೆಟ್ರಾಯ್ಟ್ ಕಡೆಗೆ ಬಂದ ಮೇಲೂ ಹೋಗಲಿಲ್ಲ. ಹಾಗೆಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯಾಗುವುದು ಆ ಕಿಚ್ಚಿನಲ್ಲಿ ಒಮ್ಮೆ ಮಾಡಿದ ಕೆಲಸಕ್ಕೆ.

ಅದು ರಿಸೆಷನ್ನಿನ ಕಾಲ, ಅಧ್ಯಕ್ಷರ ಚುನಾವಣೆಯ ವರ್ಷವೂ ಹೌದು. ಕಾರುಗಳ ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನಾನು ಹದಿಮೂರು ವರ್ಷ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ನಮ್ಮನ್ನೆಲ್ಲ ಕೆಫೆಟೇರಿಯಾದಲ್ಲಿ ಸೇರಿಸಿ ಪಟ್ಟಿ ಓದಿದರು. ಹೋಗುವವರ ಪಟ್ಟಿಯಲ್ಲ, ಉಳಿಯುವವರ ಪಟ್ಟಿ. ಈಗ ಬರುತ್ತದೆ, ಇನ್ನೊಂದಾದ ಮೇಲೆ ಬರುತ್ತದೆ ಎಂದು ನನ್ನ ಹೆಸರಿಗಾಗಿ ಕಿವಿಯಾಗಿ ನಿಂತಿದ್ದೆ. ಓದುವವನು ಹಾಳೆ ಮಡಿಚಿ ಜೇಬಿಗೆ ಹಾಕಿಕೊಂಡ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿಯ ಹೆಸರು ಬಂದಿತ್ತು, ನನ್ನದು ಬಂದಿರಲಿಲ್ಲ. ಅವತ್ತಿನಿಂದ ಯಾವುದಾದರೂ ಪಟ್ಟಿಯಲ್ಲಿ, ಯಾರಾದರೂ ಆರಿಸಿದವರ ಸಾಲಿನಲ್ಲಿ, ನನ್ನ ಹೆಸರು ಒಮ್ಮೆ ಬರಲೇಬೇಕು ಎಂಬ ಹಠ ಹತ್ತಿಕೊಂಡಿತು. ಹುಚ್ಚು ಎನ್ನಿ ಬೇಕಾದರೆ.

ಕೆಲಸ ಹುಡುಕುವ ನೆಪದಲ್ಲಿ ದಿನಾ ಊರಿನ ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿನ ಮೀಟಿಂಗ್ ರೂಮಿನಲ್ಲಿ ಶನಿವಾರ ಬೆಳಿಗ್ಗೆ ಒಂದು ಪುಟ್ಟ ರಾಜಕೀಯ ಪಕ್ಷದವರು ಸೇರುತ್ತಿದ್ದರು. ಈ ದೇಶದಲ್ಲಿ ಎರಡು ದೊಡ್ಡ ಪಕ್ಷ ಬಿಟ್ಟು ಬೇರೆಯವೂ ಇವೆ ಎಂಬುದೇ ನನಗೆ ತಿಳಿದಿರಲಿಲ್ಲ. ಒಳಗೆ ಇಣುಕಿದರೆ ಹತ್ತೋ ಹನ್ನೊಂದೋ ಜನ. ಅವರ ಮುಖ್ಯಸ್ಥ ಪಿಯಾನೋ ರಿಪೇರಿ ಮಾಡುವ ಬಿಳಿ ಗಡ್ಡದ ಮನುಷ್ಯ. ನಾನು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಕುರ್ಚಿ ಎಳೆದು ಕೊಟ್ಟ. ಕೆಲಸ ಹೋದ ಮೇಲೆ ನನ್ನನ್ನು ಕರೆದು ಕೂರಿಸಿದ ಮೊದಲನೆಯವನು ಅವನೇ. ನಾನು ಸಿಟಿಜನ್ ಆಗಿ ಇನ್ನೂ ವರ್ಷವಾಗಿರಲಿಲ್ಲ. ಅಲ್ಲೇ ಸದಸ್ಯಳಾದೆ.

ಇಂಥ ಪಕ್ಷಕ್ಕೆ ಬ್ಯಾಲೆಟ್ಟಿನಲ್ಲಿ ಜಾಗ ಸುಮ್ಮನೆ ಸಿಗುವುದಿಲ್ಲ. ಮತದಾರರ ಸಹಿ ಸಂಗ್ರಹಿಸಿ ತೋರಿಸಬೇಕು. ಚಳಿಗಾಲವೆಲ್ಲ ದಿನಸಿ ಅಂಗಡಿಯ ಬಾಗಿಲಲ್ಲಿ ಪ್ಯಾಡು ಹಿಡಿದು ನಿಂತೆ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಪೆನ್ನಿನ ಇಂಕು ಹೆಪ್ಪುಗಟ್ಟಿ ಅದನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದೆ. ಗುರುತಿನವರು ನನ್ನನ್ನು ಕಂಡರೆ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದರು. ಹೋಗಲಿ. ಇಷ್ಟು ಬೆವರು ಸುರಿಸಿದ್ದಕ್ಕೆ ಬೇಸಿಗೆಯ ರಾಷ್ಟ್ರೀಯ ಸಮಾವೇಶಕ್ಕೆ ನಮ್ಮ ಗುಂಪಿನಿಂದ ಹೋಗುವ ಏಕೈಕ ಪ್ರತಿನಿಧಿ ನಾನೇ ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ. ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಅಲ್ಲಿ ಆರಿಸುವವರು ಈ ಪ್ರತಿನಿಧಿಗಳೇ.

ಈಗ ಅವಳ ವಿಷಯ. ನಮ್ಮ ಬಡಾವಣೆಯಲ್ಲೇ ಮೂರು ಮನೆ ಆಚೆ ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬಳಿದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು, ನನ್ನನ್ನು ಬಾಯ್ತುಂಬ ‘ಅಕ್ಕಾರ’ ಎನ್ನುವವಳು. ಗಂಡ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಮನೆಯಲ್ಲಿ ಕೂತು ಬೇಜಾರೆಂದಳು, ನಾನೇ ನನ್ನ ಕಾರಿನಲ್ಲಿ ಕೂರಿಸಿಕೊಂಡು ಮೀಟಿಂಗಿಗೆ ಕರೆದುಕೊಂಡು ಹೋದೆ. ಕೈಯಾರೆ ಮಾಡಿಕೊಂಡಿದ್ದಕ್ಕೆ ಯಾರನ್ನು ಬೈಯಲಿ? ಎರಡನೇ ವಾರಕ್ಕೇ ಅವಳು ಎಲ್ಲರ ಕಣ್ಮಣಿ. ಹರಕು ಇಂಗ್ಲಿಷಿನಲ್ಲೇ ಏನೋ ಹೇಳಿ ನಗಿಸುವಳು, ಅವರೂ ಹೊಟ್ಟೆ ಹಿಡಿದು ನಗುವರು. ನನ್ನ ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲ, ಒಬ್ಬರೂ ನಗಲಿಲ್ಲ.

ಪ್ರತಿನಿಧಿಯನ್ನು ಆರಿಸುವ ದಿನ ಗಡ್ಡದವನು ಮೊದಲು ನನ್ನ ಹೆಸರೇ ಹೇಳಿದ. ಎಲ್ಲರೂ ತಿರುಗಿ ನೋಡಿದರು. ‘ನಿಮಗೆ ಒಪ್ಪಿಗೆಯೇ?’ ಎಂದು ಕೇಳಿದ. ನಾನು ಏನಂದೆ? ‘ಅಯ್ಯೋ ಬೇಡ ಬೇಡ, ಬೇರೆ ಯಾರಾದರೂ ಹೋಗಲಿ’ ಎಂದೆ. ಮತ್ತೇನನ್ನಬೇಕಿತ್ತು? ಯಾರದಾದರೂ ಮನೆಗೆ ಹೋದಾಗ ಕಾಫಿ ಕುಡೀತೀರಾ ಎಂದರೆ ತಕ್ಷಣ ಕೊಡಿ ಎನ್ನುತ್ತೇವೆಯೇ? ಬೇಡ ಎನ್ನುತ್ತೇವೆ. ಅವರು ಒಂದಿಷ್ಟಾದರೂ ಎನ್ನುತ್ತಾರೆ. ಈಗ ತಾನೇ ಆಯಿತು ಎನ್ನುತ್ತೇವೆ. ಅವರು ಲೋಟ ತಂದೇ ಇಡುತ್ತಾರೆ. ನಾನು ಹುಟ್ಟಿದಾಗಿನಿಂದ ಹೀಗೇ. ಎರಡನೇ ಸಲ ಕೇಳುತ್ತಾನೆ, ಮೂರನೇ ಸಲಕ್ಕೆ ತಲೆ ತಗ್ಗಿಸಿ ‘ನೀವೆಲ್ಲ ಇಷ್ಟು ಹೇಳಿದ ಮೇಲೆ’ ಎನ್ನೋಣ ಎಂದು ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ. ಆ ಮಹಾರಾಯ ನನ್ನ ಹೆಸರಿನ ಮುಂದೆ ‘ನಿರಾಕರಿಸಿದ್ದಾರೆ’ ಎಂದು ಬರೆದು, ‘ಥ್ಯಾಂಕ್ಯೂ’ ಎಂದು ಅವಳ ಕಡೆ ತಿರುಗಿದ.

‘ಯೆಸ್, ಐ ಗೋ’ ಎಂದಳು ಅವಳು. ಅಷ್ಟೇ. ಚಪ್ಪಾಳೆ.

ಬದಲಿ ಪ್ರತಿನಿಧಿ ಯಾರು ಎಂದು ಅವನು ಕೇಳುವಷ್ಟರಲ್ಲೇ ಕೈ ಎತ್ತಿದೆ. ಬದಲಿ ಎಂದರೆ ಹಿಂದಿನ ಸಾಲಿನಲ್ಲಿ ಕೂರುವವಳು. ಪ್ರತಿನಿಧಿ ಎದ್ದು ಹೋದರೆ ಮಾತ್ರ ವೋಟು.

ವಾಪಸು ಬರುವಾಗ ಕಾರಿನಲ್ಲಿ ಅವಳು, ‘ನೀವು ಬ್ಯಾಡಂದ್ರಲ್ರಿ ಅಕ್ಕಾರ, ಖರೇನ ಬ್ಯಾಡೇನೋ ಅನಕೊಂಡೆ’ ಎಂದಳು.

‘ಹೂಂ ಕಣೆ, ನಿಜವಾಗ್ಲೂ ಬೇಡವಾಗಿತ್ತು. ಅಷ್ಟು ದೂರ ಯಾರು ಡ್ರೈವ್ ಮಾಡ್ತಾರೆ’ ಎಂದೆ.

ಖರೇನ ಬ್ಯಾಡ ಅನಕೊಂಡಳಂತೆ, ಸುಳ್ಳಿ! ಅವಳ ಮನೆಯಲ್ಲಿ ಸಾಕು ಎಂದು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ರೊಟ್ಟಿ ತುರುಕುವವಳು ಅವಳು. ನಮ್ಮ ‘ಬೇಡ’ದ ಅರ್ಥ ಇವಳಿಗೆ ಗೊತ್ತಿಲ್ಲವೇ? ಮನೆಗೆ ಬಂದು ಗಂಡನ ಮುಂದೆ ಹೊಟ್ಟೆಯೊಳಗಿದ್ದುದನ್ನೆಲ್ಲ ಕಾರಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, ‘ನೀನು ಬೇಡ ಅಂದೆ, ಅವರು ಸರಿ ಅಂದ್ರು. ಇದ್ರಲ್ಲಿ ಅವರ ತಪ್ಪೇನು ಬಂತು?’ ಎಂದರು. ಮಗಳು ಸೋಫಾದಿಂದಲೇ, ‘ಬಟ್ ಅಮ್ಮಾ, ಯು ಸೆಡ್ ನೋ’ ಎಂದಳು. ಇಬ್ಬರಿಗೂ ಅವತ್ತು ಬರೀ ಮೊಸರನ್ನ ಹಾಕಿದೆ.

ಆಮೇಲಿನ ಆರು ವಾರ ನಾನು ಅನುಭವಿಸಿದ್ದು ನನಗೇ ಗೊತ್ತು. ಅವಳಿಗೆ ಅಂಚೆಯಲ್ಲಿ ಬ್ಯಾಡ್ಜು ಬಂತು, ಹೆಸರು ದಪ್ಪ ಅಕ್ಷರದಲ್ಲಿ. ತೋರಿಸಲು ಓಡಿ ಬಂದಳು. ‘ಚೆನ್ನಾಗಿದೆ’ ಎಂದೆ. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಪ್ರತಿನಿಧಿಗಳಿಗೆ ಫೋನ್ ಮಾಡುತ್ತಿದ್ದರು. ದೇಶದ ಅಧ್ಯಕ್ಷರಾಗುತ್ತೇವೆ ಎನ್ನುವವರು ಇವಳ ಅಡುಗೆಮನೆಗೆ ಫೋನ್ ಮಾಡಿ ‘ನಿಮ್ಮ ಬೆಂಬಲ ಬೇಕು’ ಎನ್ನುವುದು! ನಮ್ಮ ಮನೆಗೆ ಫೋನ್ ಬಂದರೆ ಅದು ಕಾರ್ಪೆಟ್ ತೊಳೆಯುವವರದು.

ನನ್ನ ಅಭ್ಯರ್ಥಿ ಒಬ್ಬರು ನಿವೃತ್ತ ವಿಜ್ಞಾನದ ಮೇಷ್ಟ್ರು. ಅಳೆದು ತೂಗಿ ಮಾತನಾಡುವ ಮನುಷ್ಯ. ಅವಳದು ಟ್ರಕ್ ಓಡಿಸುತ್ತಿದ್ದ, ದೊಡ್ಡ ದನಿಯ ಒಬ್ಬ ಯೂನಿಯನ್ ಲೀಡರು. ಅವನಲ್ಲಿ ಏನು ಕಂಡೆಯೇ ಎಂದು ಕೇಳಿದ್ದಕ್ಕೆ, ‘ಕಾರ್ಖಾನಿ ಮುಚ್ಚಿದ್ರ ಮಂದಿ ಏನ್ ಮಾಡಬೇಕು ಅಂತ ಕೇಳ್ದಾಂವ ಅವ ಒಬ್ಬನ ರೀ ಅಕ್ಕಾರ’ ಎಂದಳು. ನಾನು ಮೂಗು ಮುರಿದೆ.

ಸಮಾವೇಶ ಚಿಕಾಗೋದ ಹೊರಗೆ ಇಟಾಸ್ಕಾದ ಒಂದು ಹೋಟೆಲಿನಲ್ಲಿ. ಹಿಂದಿನ ದಿನವೇ ಹೊರಟೆವು. ಇಬ್ಬರೂ ಒಂದೇ ಕಾರಿನಲ್ಲಿ, ಡ್ರೈವ್ ಮಾಡಿದ್ದು ನಾನೇ. ಅಲ್ಲೇ ಹತ್ತಿರದ ಗ್ಲೆಂಡೇಲ್ ಹೈಟ್ಸಿನಲ್ಲಿ ನನ್ನ ದೊಡ್ಡಪ್ಪನ ಮಗಳ ಮನೆಯಲ್ಲಿ ಉಳಿದುಕೊಂಡೆವು. ಅಲ್ಲೂ ಅಷ್ಟೇ, ‘ಡೆಲಿಗೇಟ್ ಅಂತೆ!’ ಎಂದು ಅವಳಿಗೇ ಎರಡು ಒಬ್ಬಟ್ಟು ಜಾಸ್ತಿ. ಶುಕ್ರವಾರ ಬೆಳಿಗ್ಗೆ ಹೋಟೆಲ್ ಸೇರಿದೆವು. ಪಕ್ಕದ ಹಾಲಿನಲ್ಲಿ ಯಾವುದೋ ಕಂಪನಿಯವರ ಹಲ್ಲಿನ ಇನ್ಶೂರೆನ್ಸ್ ಟ್ರೈನಿಂಗು, ಅದಕ್ಕೆ ನಮಗಿಂತ ಹೆಚ್ಚು ಜನ.

ಅಭ್ಯರ್ಥಿಯನ್ನು ಆರಿಸುವ ಪದ್ಧತಿ ಮಾತ್ರ ನನಗೆ ಬಹಳ ಹಿಡಿಸಿತು. ಪ್ರತಿಯೊಬ್ಬ ಪ್ರತಿನಿಧಿಗೂ ಒಂದು ರಟ್ಟಿನ ಟೋಕನ್. ಅದನ್ನು ತನಗೆ ಬೇಕಾದವರ ಕೈಗೆ ಕೊಡಬೇಕು. ಸಾಕಷ್ಟು ಟೋಕನ್ ಕೂಡಿಸಿದವರು ಮಾತ್ರ ವೇದಿಕೆ ಹತ್ತಬಹುದು. ಬೆಳಿಗ್ಗೆಯೆಲ್ಲ ಅಧ್ಯಕ್ಷರಾಗಬೇಕಾದವರು ಕಾಫಿ ಕ್ಯೂನಲ್ಲಿ ನಿಂತವರ ಹಿಂದೆ ಟೋಕನ್ನಿಗಾಗಿ ಅಲೆಯುತ್ತಿದ್ದರು. ಆಮೇಲೆ ಚೀಟಿಯ ಮೇಲೆ ವೋಟು, ಸುತ್ತಿನ ಮೇಲೆ ಸುತ್ತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರು ಹೊರಗೆ, ಮತ್ತೆ ವೋಟು. ‘ಇವರು ಯಾರೂ ಬೇಡ’ ಎಂದು ಬರೆಯಲೂ ಅವಕಾಶವಿತ್ತು. ನನಗಂತೂ ಕೆಲವು ಸಲ ಅದೇ ಸರಿ ಅನ್ನಿಸಿತು. ಗುಟ್ಟಿನ ವೋಟಲ್ಲ. ಚೀಟಿಯಲ್ಲಿ ಹಾಕಿದವರ ಹೆಸರೂ ಸಹಿಯೂ ಇರಬೇಕು, ಯಾರು ಯಾರಿಗೆ ಹಾಕಿದರೆಂದು ಪಕ್ಷ ಆಮೇಲೆ ಎಲ್ಲ ಸದಸ್ಯರಿಗೂ ಪಟ್ಟಿ ಕಳಿಸುತ್ತದೆ.

ಹಗ್ಗ ಕಟ್ಟಿದ ಆಚೆ, ಹಿಂದಿನ ಸಾಲಿನಲ್ಲಿ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಫೋಟೋ ತೆಗೆಯುವವರು ಅವಳ ಮುಂದೆಯೇ ಸುಳಿದಾಡುತ್ತಿದ್ದರು. ಮೂರು ಸುತ್ತು ಮುಗಿದು ಇಬ್ಬರೇ ಉಳಿದರು, ನನ್ನ ಮೇಷ್ಟ್ರು, ಅವಳ ಲೀಡರು. ಕೊನೆಯ ಸುತ್ತಿಗೆ ಚೀಟಿ ಹಂಚುವ ಮೊದಲು ಅವಳ ಮೊಬೈಲು ಬಡಿದುಕೊಂಡಿತು. ನೋಡಿದಳು, ಎದ್ದಳು, ನನ್ನ ಪಕ್ಕದಲ್ಲೇ ಹಾದು, ‘ಒಂದ್ ನಿಮಿಷ ಬಂದೆರೀ ಅಕ್ಕಾರ’ ಎಂದು ಹೊರಗೆ ಹೋದಳು. ಗಾಜಿನ ಬಾಗಿಲಾಚೆ, ಪಾರ್ಕಿಂಗಿನಲ್ಲಿ ಫೋನ್ ಕಿವಿಗಿಟ್ಟುಕೊಂಡು ಅತ್ತಿಂದಿತ್ತ ನಡೆಯುತ್ತಿದ್ದುದು ನನಗೆ ಕಾಣುತ್ತಿತ್ತು.

ಚೀಟಿ ಹಂಚುವ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ನಮ್ಮ ಗಡ್ಡದವನು ಚೀಟಿ ಹಿಡಿದು ನನ್ನ ಬಳಿ ಬಂದ. ‘ಎಲ್ಲಿ ಅವರು?’

ಹೊರಗಿದ್ದಾಳೆ, ಕರೆಯುತ್ತೇನೆ ಎನ್ನಬೇಕಿತ್ತು. ಹತ್ತು ಹೆಜ್ಜೆ. ನನ್ನ ಬಾಯಿಂದ ಬಂದಿದ್ದು, ‘ಅವಳು ಈಗ ಬರುವುದಿಲ್ಲ. ನೀವೇ ವೋಟು ಹಾಕಿ ಎಂದು ನನಗೆ ಹೇಳಿ ಹೋಗಿದ್ದಾಳೆ.’

ಅವನು ಹಗ್ಗ ಎತ್ತಿ ಹಿಡಿದ. ನುಸುಳಿ ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಅವಳು ಯಾರಿಗೆ ಹಾಕುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟರ ಹೆಸರು ಬರೆದೆ. ಕೆಳಗೆ ನನ್ನ ಹೆಸರನ್ನು, ತಂದೆಯ ಹೆಸರಿನ ಸಮೇತ, ಪೂರ್ತಿ ಬಿಡಿಸಿ ಬರೆದು ಸಹಿ ಹಾಕಿದೆ. ಅಷ್ಟು ಖುಷಿ ನನಗೆ ಸಿಟಿಜನ್ ಆದ ದಿನವೂ ಆಗಿರಲಿಲ್ಲ.

ಅವಳು ಒಳಗೆ ಬರುವಷ್ಟರಲ್ಲಿ ಚೀಟಿಗಳು ಡಬ್ಬಿ ಸೇರಿದ್ದವು. ನಾನು ಕೂತಿದ್ದನ್ನು ನೋಡಿದಳು. ಹಗ್ಗದ ಆಚೆ ನನ್ನ ಜಾಗದಲ್ಲಿ ಹೋಗಿ ಕೂತಳು. ಕಣ್ಣು ಕೆಂಪಗಿತ್ತು. ನನ್ನ ಮೇಲಿನ ಸಿಟ್ಟಿರಬೇಕು, ಆಗಲಿ, ಆರು ವಾರ ನಾನು ಉರಿದಿಲ್ಲವೇ ಎಂದುಕೊಂಡೆ. ಮೇಷ್ಟ್ರು ಗೆದ್ದರು. ನನ್ನದೊಂದು ಇಲ್ಲದಿದ್ದರೂ ಗೆಲ್ಲುತ್ತಿದ್ದರು, ಅಷ್ಟು ಅಂತರವಿತ್ತು.

‘ಮನಿಗೆ ಹೋಗೂಣ್ರಿ’ ಎಂದಳು. ಸಂಜೆಯ ಬಿಸಿಲಿನಲ್ಲೇ ಹೊರಟೆವು. ನಡುವಿನ ಇಂಡಿಯಾನಾ ರಾಜ್ಯ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

‘ನಮ್ಮ ಮನಿಯವರ ಫೋನ್ ಬಂದಿತ್ರಿ ಅಕ್ಕಾರ. ಇವತ್ತ ಕೆಲಸದಿಂದ ತಗದ್ರಂತ.’

ಶುಕ್ರವಾರ ಮಧ್ಯಾಹ್ನ. ಆ ದಿನಗಳಲ್ಲಿ ಡೆಟ್ರಾಯ್ಟ್ ಕಡೆಯವರಿಗೆ ಶುಕ್ರವಾರ ಮಧ್ಯಾಹ್ನದ ಫೋನ್ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನಗಂತೂ ಹೇಳಲೇಬೇಕಿರಲಿಲ್ಲ.

‘ನಾ ಹೊರಗ ಅಳಕೋತ ನಿಂತಿದ್ದೆ. ನೀವು ಕುಂತು ವೋಟ್ ಹಾಕಿದ್ದು ಛಲೋ ಆತ್ರಿ, ಇಲ್ಲಾಂದ್ರ ಅದೂ ಹೋಗತಿತ್ತು’ ಎಂದಳು. ನನ್ನ ಕಡೆ ತಿರುಗಿ, ‘ಅವರಿಗೇ ಹಾಕಿದ್ರಿ, ಹೌದಲ್ರೀ? ಕಾರ್ಖಾನಿ ಮಾತಾಡ್ದಾರಿಗೆ?’

‘ಹೂಂ’ ಎಂದೆ. ‘ಅವರಿಗೇ ಹಾಕಿದೆ ಕಣೆ.’

ಅವಳು ನನ್ನ ಭುಜ ಮುಟ್ಟಿದಳು. ಮುಂದಿನ ನೂರೈವತ್ತು ಮೈಲಿ ನಾನು ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ಪಟ್ಟಿ ಬಂದಿದ್ದು ಹನ್ನೊಂದು ದಿನವಾದ ಮೇಲೆ, ಈಮೇಲಿನಲ್ಲಿ. ಆ ಹನ್ನೊಂದು ದಿನ ಅವಳ ಮನೆಗೆ ಹುಳಿ, ಪಲ್ಯ, ಚಪಾತಿ ಹೊತ್ತು ಹಾಕಿದೆ, ಅವಳ ಗಂಡನ ರೆಸ್ಯೂಮೆ ತಿದ್ದಿಕೊಟ್ಟೆ (ನಮ್ಮ ಪ್ರಿಂಟರ್ ಕೆಟ್ಟಿದೆ, ಪ್ರಿಂಟು ನೀವೇ ತೆಗೆದುಕೊಳ್ಳಿ ಎಂದೆ), ನನಗೆ ಗೊತ್ತಿದ್ದ ಕಡೆಗೆಲ್ಲ ಅಪ್ಲೈ ಮಾಡಿಸಿದೆ. ನಿಜ ಮಾತ್ರ ಹೇಳಲಿಲ್ಲ. ಪಟ್ಟಿ ತೆರೆದರೆ ಕೊನೆಯ ಸುತ್ತಿನಲ್ಲಿ ನನ್ನ ಹೆಸರಿತ್ತು, ತಂದೆಯ ಹೆಸರಿನ ಸಮೇತ. ಅದೇ ಸಾಲಿನಲ್ಲಿ, ಎದುರಿಗೆ, ಮೇಷ್ಟರ ಹೆಸರು. ಅವಳು ಈಮೇಲ್ ನೋಡದಿರಲಿ ಎಂದು ದೇವರಿಗೆ ಹೇಳಿಕೊಂಡೆ. ನಾನು ಹೇಳಿದ ಎಷ್ಟು ಮಾತನ್ನು ಅವನು ಕೇಳಿದ್ದಾನೆ!

ಮಾರನೇ ದಿನ ಬೆಳಿಗ್ಗೆ ಅವಳೇ ಬಂದಳು. ನಾನು ಕೊಟ್ಟ ಪಾತ್ರೆಗಳನ್ನೆಲ್ಲ ತೊಳೆದು ಒರೆಸಿ ಒಂದರ ಮೇಲೊಂದು ಜೋಡಿಸಿ ತಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ಪಾತ್ರೆಗಳನ್ನು ನನ್ನ ಕೈಗಿಟ್ಟು ಮೇಲೆ ಒಂದು ಹಾಳೆ ಇಟ್ಟಳು. ಪಟ್ಟಿಯ ಪ್ರಿಂಟು. ನನ್ನ ಹೆಸರಿದ್ದ ಸಾಲಿಗೆ ಹಳದಿ ಬಣ್ಣ ಬಳಿದಿದ್ದಳು. ಮುಖದಲ್ಲಿ ಒಂದಿಷ್ಟು ಸಿಟ್ಟಿದ್ದಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ.

‘ನಿಮ್ಮ ಹೆಸರು ಬಂದೈತ್ರಿ ಅಕ್ಕಾರ. ನಿಮ್ಮ ಮನ್ಯಾಗ ಪ್ರಿಂಟರ್ ಕೆಟ್ಟೈತಿ ಅಂದಿದ್ರಲ್ಲ, ಅದಕ್ಕ ನಾನ ತಗದು ತಂದೇನಿ’ ಎಂದಳು. ‘ಇಟ್ಕೋರಿ. ನಿಮಗ ಭಾಳ ಬೇಕಾಗಿತ್ತು.’