ಅಂದಾಜಿನ ಕುಬೇರಪ್ಪ

ಹಾನಗಲ್ಲಿನ ಸುತ್ತ ಯಾರೇ ಹೊಸ ದಂಧೆ ಹೂಡಲಿ, ಅದು ನಡೆಯುತ್ತದೋ ಇಲ್ಲವೋ ಎಂದು ಮೊದಲು ಅಂದಾಜು ಹೇಳಬೇಕಾದವನು ಕುಬೇರಪ್ಪನೇ. ಚಹಾದಂಗಡಿಯೆಂದರೆ ಊರಿನ ಬಾವಿಗಳ ನೀರನ್ನೆಲ್ಲ ಕುಡಿದು ನೋಡುವವನು; ಸವಣೂರಿನ ವೀಳ್ಯದೆಲೆ ಸಾಗಿಸಲು ಮೋಟಾರು ಬಿಡಬಹುದೇ ಎಂದರೆ ತಾನೇ ಎಲೆಯ ಪೆಂಡಿ ಹೊತ್ತು ಹುಬ್ಬಳ್ಳಿಯವರೆಗೆ ನಡೆದು, ಎಲ್ಲಿ ಬಾಡಿತೆಂದು ನೋಡಿ ಬರುವವನು. “ತಡೀರಿ, ನೋಡಿ ಹೇಳ್ತೇನಿ” ಅನ್ನುತ್ತಾನೆ. ನೋಡಿ ಹೇಳಿದ್ದು ಸುಳ್ಳಾದದ್ದಿಲ್ಲ. ಈ ಸಲ ಊರಿನ ಸಾಹುಕಾರರಿಗೆ ಅಕ್ಕಿ ಗಿರಣಿ ಹಾಕುವ ಮನಸ್ಸು. ಕುಬೇರಪ್ಪ ಕೂಲಿಗೆ ಭತ್ತ ಕುಟ್ಟುವ ಹೆಂಗಸರ ಓಣಿಗೆ ಹೋಗಿ ಕುಳಿತ. “ಕೈ ಭಾಳ ನೋಯ್ತಾವೇನಬೇ ಯವ್ವಾ?” ಎಂದು ಕೇಳಿದ. ಒನಕೆ ಬಿಟ್ಟರೆ ಬೇರೆ ಗತಿಯಿಲ್ಲದ ಕರೆವ್ವ ಗುಳ್ಳೆ ಎದ್ದ ಅಂಗೈ ಚಾಚಿದಳು. “ಹಿಂಗ ಕೇಳಿದಾಂವ ನೀ ಒಬ್ಬನ ನೋಡಪ್ಪಾ. ಸಾಹುಕಾರ್ರಿಗೆ ಹೇಳಿ ಕೂಲಿ ಒಂಚೂರು ಹೆಚ್ಚ ಮಾಡ್ಸು” ಎನ್ನುತ್ತ, ಕೂಲಿಗೆ ಬಂದ ನುಚ್ಚನ್ನೇ ಬೇಯಿಸಿ ಮಜ್ಜಿಗೆ ಹಾಕಿ ಬಡಿಸಿದಳು. ಕುಬೇರಪ್ಪ ಒಂದಗುಳೂ ಬಿಡದೆ ಉಂಡ. ಸಂಜೆ ಸಾಹುಕಾರರ ಕಟ್ಟೆಯ ಮೇಲೆ ಕುಳಿತು, “ಹಾಕ್ರಿ, ಗಿರಣಿ ನಡೀತೈತಿ. ಕುಟ್ಟೋರ ಕೈ ಸೋತಾವ್ರಿ” ಎಂದ.