ಅಮ್ಮನ ಮೀನಿಗೆ ನಾನು ಮಾಡಿದ ಪೆಟ್ಟಿಗೆ

ಡಿಗ್ರಿಯ ಕೊನೆಯ ವರ್ಷ ನಾನು ಮಾಡಿದ ಮೀನಿನ ಪೆಟ್ಟಿಗೆಯನ್ನು ಯಾರಾದರೂ ಹೊಗಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೊಗಳುವವರ ಮೇಲೆ ಅರ್ಧ ಸಿಟ್ಟು, ನನ್ನ ಮೇಲೆ ಅರ್ಧ. ಕಾಲೇಜಿನ ಹಳೆಯ ಗೆಳತಿಯರು ಸಿಕ್ಕಾಗ, ಎಷ್ಟು ಚೆಂದದ ಪ್ರಾಜೆಕ್ಟ್ ಅಲ್ಲವೇನೇ ಅದು ಅನ್ನುತ್ತಾರೆ. ನಾನು ಮಾತು ಬದಲಿಸುತ್ತೇನೆ. ಇನ್ನು ಮುಂದೆ ಬದಲಿಸುವುದಿಲ್ಲ, ಆದದ್ದು ಆದ ಹಾಗೆ ಹೇಳಿಬಿಡುತ್ತೇನೆ.

ನನ್ನ ಅಮ್ಮ ಕುಂದಾಪುರದ ಕೋಡಿಯವಳು, ಮೀನು ಮಾರುವವಳು. ಬೆಳಿಗ್ಗೆ ದಕ್ಕೆಗೆ, ಅಂದರೆ ದೋಣಿಗಳು ಮೀನು ಇಳಿಸುವ ಜಾಗಕ್ಕೆ ಹೋಗಿ, ಏಲಂನಲ್ಲಿ ಮೀನು ಕೂಗಿ ಕೊಂಡು, ಬುಟ್ಟಿ ಹೊತ್ತುಕೊಂಡು ಬಸ್ಸಿನಲ್ಲಿ ಬಸ್ರೂರಿಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಖಾಯಂ ಮನೆಗಳಿದ್ದವು. ಆ ಮನೆಗಳೇ ಅವಳ ಆಸ್ತಿ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದ, ಮನೆಗೆ ದುಡ್ಡು ಕಳಿಸುವುದಕ್ಕಿಂತ ಕಳಿಸಲು ಮರೆಯುತ್ತಿದ್ದದ್ದೇ ಹೆಚ್ಚು. ನನ್ನ ಓದು, ನನ್ನ ಹಾಸ್ಟೆಲು, ನನ್ನ ಡ್ರಾಯಿಂಗ್ ಹಾಳೆ ಎಲ್ಲವೂ ಬಸ್ರೂರಿನ ಆ ಮನೆಗಳ ಜಗಲಿಯಿಂದಲೇ ಬರಬೇಕಿತ್ತು.

ಎರಡು ರೈಲು ಬದಲಿಸಿ ಹೋಗಬೇಕಾದ ಊರೊಂದರಲ್ಲಿ ನಾನು ಪ್ರಾಡಕ್ಟ್ ಡಿಸೈನ್ ಓದುತ್ತಿದ್ದೆ. ಮೊಬೈಲಿಗೆ ಕ್ಯಾಮೆರಾ ಬರಲು ಶುರುವಾಗಿದ್ದ ಕಾಲ ಅದು. ನಾನು ಏನು ಓದುತ್ತೇನೆ ಎಂದು ಕೋಡಿಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಮ್ಮನನ್ನು ಕೇಳಿದರೆ, "ಕುರ್ಚಿ, ಬಕೆಟ್ ಎಲ್ಲ ಹ್ಯಾಂಗ್ ಇರ್ಕ್ ಅಂದೇಳಿ ಕಲಿತ್, ಮಾರಾಯ್ತಿ" ಅನ್ನುತ್ತಿದ್ದಳು. ನನಗೆ ಆಗ ನಾಚಿಕೆಯಾಗುತ್ತಿತ್ತು. ಈಗ ಯೋಚಿಸಿದರೆ ನನ್ನ ಮೇಷ್ಟ್ರುಗಳು ಯಾರೂ ಅಷ್ಟು ಸರಿಯಾಗಿ ಹೇಳಿರಲಿಲ್ಲ.

ಪೆಟ್ಟಿಗೆ ಹುಟ್ಟಿದ್ದೇ ಸಿಟ್ಟಿನಿಂದ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮುಂಚೆ ರಜೆಗೆ ಬಂದಿದ್ದೆ. ಅಮ್ಮನ ಜೊತೆ ಬಸ್ರೂರಿಗೆ ಹೊರಟರೆ ಬಸ್ಸಿನ ಬಾಗಿಲಲ್ಲೇ ಕಂಡಕ್ಟರ್ ತಡೆದ.

"ಹ್ವಾಯ್, ಬುಟ್ಟಿ ಒಳ್ಗ್ ಬೇಡ. ಮೇಲ್ ಹಾಕ್, ಇಲ್ದಿರೆ ಹಿಂದಿನ್ ಬಸ್ಸಿಗ್ ಬಾ."

ನೀರು ಸೋರುವ ಬುಟ್ಟಿಯನ್ನು ಅಮ್ಮ ಏಣಿ ಹತ್ತಿ ಬಸ್ಸಿನ ತಲೆಯ ಮೇಲಿಟ್ಟಳು. ಐವತ್ತರ ಹತ್ತಿರದ ಹೆಂಗಸು, ಸೀರೆ ಎತ್ತಿ ಕಟ್ಟಿಕೊಂಡು, ಎಲ್ಲರ ಎದುರು. ಒಳಗೆ ಬಂದರೆ ಪಕ್ಕದ ಸೀಟಿನವನು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ. ಮಧ್ಯಾಹ್ನ ಬಂಗುಡೆ ಸಾರಿಲ್ಲದಿದ್ದರೆ ಅನ್ನದ ಬಟ್ಟಲು ಮುಟ್ಟದ ಜಾತಿಯೇ ಅದು, ನನಗೆ ಗೊತ್ತಿಲ್ಲವೇ. ಅವನಿಗೆ ಎರಡು ಮಾತು ಬಿಟ್ಟೆ. ಅಮ್ಮ ನನ್ನ ತೊಡೆ ಚಿವುಟಿ, "ಸುಮ್ನಿರ್, ನಾಳೆನೂ ನಾ ಇದೇ ಬಸ್ಸಂಗೆ ಬರ್ಕ್" ಅಂದಳು. ಬಾಯಿ ಮುಚ್ಚಿದೆ. ಆದರೆ ಸೋರದ, ವಾಸನೆ ಬಿಡದ ಪೆಟ್ಟಿಗೆ ಮಾಡಿಯೇ ತೀರುತ್ತೇನೆ ಎಂದು ಆ ಬಸ್ಸಿನಲ್ಲೇ ತೀರ್ಮಾನಿಸಿದೆ.

ಕಾಲೇಜಿನಲ್ಲಿ ನನ್ನ ಗೈಡಿಗೆ ವಿಷಯ ತುಂಬ ಹಿಡಿಸಿತು. ಸೋರದ ಪೆಟ್ಟಿಗೆ ಮಾತ್ರ ಸಾಲದು ಎಂದರು. ಒಳಗೆ ಥರ್ಮೋಕೋಲಿನ ಪದರ ಬೇಕು, ತಳದಲ್ಲಿ ಐಸಿನ ತಟ್ಟೆ ಬೇಕು, ಮೇಲೆಯೂ ಐಸ್ ಹರಡಬೇಕು, ಮೀನು ಸಂಜೆವರೆಗೆ ಹಾಗೇ ಇರಬೇಕು. ಕೇಳಲು ಏನೂ ತಪ್ಪಿಲ್ಲ. ತಪ್ಪು ಎಲ್ಲಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ನಮ್ಮ ಕಡೆ ಮೀನಿನ ಬುಟ್ಟಿ ಜಗಲಿ ಮುಟ್ಟುವ ಮೊದಲೇ ಮನೆಯವರು ಕೇಳುವುದು ಒಂದೇ ಪ್ರಶ್ನೆ: ಐಸಿಂದಾ? ಐಸ್ ಬಿದ್ದಿದೆ ಎಂದರೆ ಮೀನು ನಿನ್ನೆಯದು, ಮೊನ್ನೆಯದು, ಹೊರಗಿನ ಲಾರಿಯಲ್ಲಿ ಬಂದದ್ದು ಎಂದೇ ಲೆಕ್ಕ. ಹಸಿ ಮೀನು ಬೇಕಾದವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇದನ್ನು ನಾನು ಗೈಡಿಗೆ ಹೇಳಿದೆ. ಒಂದೇ ಸಲ ಹೇಳಿದೆ.

"ಅದು ಬರೀ ಮನೋಭಾವ" ಎಂದರು ಅವರು. "ಜನರ ಮನೋಭಾವ ಬದಲಿಸಲು ಆಗದಿದ್ದರೆ ನೀನು ಡಿಸೈನರ್ ಯಾಕಾಗಬೇಕು?"

ಕ್ಲಾಸಿನಲ್ಲಿ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮೂರು ವರ್ಷ ಆ ಕಾಲೇಜಿನಲ್ಲಿ ನನ್ನ ಇಂಗ್ಲಿಷಿಗೆ ನಕ್ಕವರು, ನನ್ನ ಚಪ್ಪಲಿ ನೋಡಿದವರು ಅವತ್ತು ಮೊದಲ ಬಾರಿ ನನ್ನ ಸ್ಕೆಚ್ಚಿನ ಸುತ್ತ ನಿಂತಿದ್ದರು. ಆ ಸುಖ ಬಿಡಲು ನನಗೆ ಮನಸ್ಸಾಗಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ, ಮೀನಿನ ಬುಟ್ಟಿಯ ಪಕ್ಕದಲ್ಲೇ ಬೆಳೆದು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಗೈಡಿಗೆ ನಮ್ಮ ಊರು ಗೊತ್ತಿರಲಿಲ್ಲ ಎಂದು ಬಿಡಬಹುದು. ನನಗೇನು ದಾಡಿಯಾಗಿತ್ತು?

ಪೆಟ್ಟಿಗೆ ತಯಾರಾಯಿತು. ಬಿಳಿ ಮೈ, ನೀಲಿ ಮುಚ್ಚಳ, ಹೊರಲು ಹೆಗಲ ಪಟ್ಟಿ. ಹದಿನೈದು ದಿನ ಊರಿನಲ್ಲಿ ಬಳಸಿ ನೋಡಿ ಫೋಟೋ ತರಬೇಕು ಎಂದು ಕಾಲೇಜಿನ ನಿಯಮ. ಅಮ್ಮ ಮುಚ್ಚಳ ತೆಗೆದು, ಮುಚ್ಚಿ, ಕಪಾಟಿನ ಬಾಗಿಲಿನ ಹಾಗೆ ಎರಡು ಸಲ ಬಡಿದು ನೋಡಿದಳು.

"ಗಟ್ಟಿ ಇತ್ತ್. ಆದ್ರೆ ಐಸ್ ಹಾಕಿರೆ ಬಸ್ರೂರಂಗೆ ಯಾರ್ ತಕಂತ್ರ್ ಮಗಾ?"

"ನೀನ್ ಒಂದ್ ಸಲ ಹೇಳಿ ಕಾಣ್. ಐಸಂಗೆ ಮೀನ್ ಹಾಳಾತಿಲ್ಲೆ ಅಂದೇಳಿ ಅವ್ರಿಗ್ ಗೊತ್ತಾಯ್ಕ್."

"ನಂಗೊತ್ತಿತ್ತ್. ಅವ್ರಿಗ್ ಹೇಳುವರ್ ಯಾರ್?"

"ನಾ ಬತ್ತೆ" ಅಂದೆ.

ಮೊದಲ ದಿನ ಕಂಡಕ್ಟರ್ ಪೆಟ್ಟಿಗೆ ನೋಡಿ ಹುಬ್ಬು ಹಾರಿಸಿದ, ಒಳಗೆ ಬಿಟ್ಟ. ಅಮ್ಮ ಸೀಟಿನಲ್ಲಿ ಕೂತು, ಪೆಟ್ಟಿಗೆ ಕಾಲ ಬಳಿ ಇಟ್ಟುಕೊಂಡು, ನನ್ನ ಕಡೆ ತಿರುಗಿ ನಕ್ಕಳು. ಆ ನಗುವಿನ ಫೋಟೋ ತೆಗೆದೆ.

ಬಸ್ರೂರಿನ ಮೊದಲ ಮನೆ ಅಮ್ಮನ ಅತಿ ಹಳೆಯ ಗಿರಾಕಿಯದು. ಆ ಮನೆಯ ಹೆಂಗಸು ನನ್ನ ಹೈಸ್ಕೂಲಿನ ದಿನಗಳಲ್ಲಿ ಹಳೆಯ ಪುಸ್ತಕ ಕೊಟ್ಟವಳು, ಅಮ್ಮನಿಗೆ ಜ್ವರ ಬಂದರೆ ಎರಡು ದಿನ ಮೀನು ತಿನ್ನದೆ ಕಾದವಳು. ಅಮ್ಮ ಮುಚ್ಚಳ ತೆಗೆದಳು. ಆಕೆ ಬಗ್ಗಿ ನೋಡಿ, ಹಾಗೆಯೇ ನೆಟ್ಟಗಾದಳು.

"ಇದೆಂತ? ಐಸ್ ಮೀನಾ?"

"ಐಸ್ ಹಾಕದ್ದ್ ಹೌದ್ ಅಮ್ಮ. ಮೀನ್ ಇವತ್ತಿಂದೇ. ಬೆಳಿಗ್ಗೆ ದಕ್ಕೆಯಂಗ್ ಹಿಡ್ದದ್ದ್."

"ಇವತ್ತಿನ್ ಮೀನಿಗ್ ಐಸ್ ಎಂತಕೆ?"

ಆ ಪ್ರಶ್ನೆ ನನ್ನನ್ನು ಕೇಳಬೇಕಾದದ್ದು. ಆಗ ನಾನು ಬಾಯಿ ಹಾಕಿದೆ. ಅದೂ ಎಂಥ ಕನ್ನಡದಲ್ಲಿ. ಕಡಿಮೆ ಉಷ್ಣಾಂಶದಲ್ಲಿ ಮೀನಿನ ಗುಣಮಟ್ಟ ಕಾಪಾಡಬಹುದು ಎಂದು ಪಾಠದ ಹಾಗೆ ಶುರುಮಾಡಿದೆ. ಆಕೆ ಕಿವಿರು ಎತ್ತಿ ನೋಡಿದಳು, ಹಸಿ ಮೀನಿನ ಹಾಗೇ ಕೆಂಪಗಿತ್ತು. ಹೊಟ್ಟೆ ಒತ್ತಿದಳು, ಚಳಿಗೆ ಕಲ್ಲಾಗಿತ್ತು. ಕೈ ಸೀರೆಗೆ ಒರೆಸಿಕೊಂಡಳು.

"ಮಗ್ಳ್ ಓದ್ ಮುಗ್ಸಿ ಐಸ್ ಕಂಪನಿ ಸೇರಿಯಾಳಾ?" ಎಂದು ಅಮ್ಮನನ್ನೇ ಕೇಳಿ, "ಇವತ್ ಬೇಡ" ಎಂದು ಒಳಗೆ ಹೋದಳು.

ಮುಂದಿನ ಮನೆ ತಲುಪುವಷ್ಟರಲ್ಲಿ ಸುದ್ದಿ ತಲುಪಿತ್ತು. ಬೇಲಿಯಿಂದ ಬೇಲಿಗೆ ಮಾತು ಹೋಗಲು ಅಲ್ಲಿ ಮೊಬೈಲು ಬೇಡ. ಮಧ್ಯಾಹ್ನ ಮುಕ್ಕಾಲು ಪೆಟ್ಟಿಗೆ ಮೀನು ಹಾಗೇ ಉಳಿಯಿತು. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ.

ಐದನೆಯ ದಿನ ಅಮ್ಮ ಬುಟ್ಟಿ ಕೈಗೆತ್ತಿಕೊಂಡಳು. "ಸಾಕ್ ಮಗಾ. ಮನೆ ತಪ್ಪಿರೆ ಮತ್ತೆ ಸಿಕ್ಕುದಿಲ್ಲೆ" ಎಂದಳು. ನಾನು ಬುಟ್ಟಿ ಹಿಡಿದು ನಿಲ್ಲಿಸಿದೆ. ಹದಿನೈದು ದಿನ ಪೂರ್ತಿಯಾಗದಿದ್ದರೆ ಫೇಲ್ ಮಾಡುತ್ತಾರೆ ಎಂದೆ. ಫೇಲ್ ಮಾಡುತ್ತಿರಲಿಲ್ಲ, ಮಾರ್ಕ್ಸ್ ಕಡಿಮೆ ಬರುತ್ತಿತ್ತು ಅಷ್ಟೇ. ಅಮ್ಮ ಫೇಲ್ ಎಂಬ ಶಬ್ದ ಕೇಳಿ ಬುಟ್ಟಿ ಕೆಳಗಿಟ್ಟಳು. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಎರಡನೆಯ ವಾರ ಬಸ್ರೂರಿನಲ್ಲಿ ಮೊಪೆಡ್ಡಿನ ಮೀನಿನವನೊಬ್ಬ ಕಾಣಿಸಿಕೊಂಡ. ಹಾರ್ನ್ ಹೊಡೆಯುತ್ತ ಅಮ್ಮನ ಮನೆಗಳ ಎದುರೇ ನಿಲ್ಲಿಸುತ್ತಿದ್ದ. ಅವನ ಕ್ರೇಟಿನ ತಳದಲ್ಲೂ ಐಸ್ ಇತ್ತು. ಊರಿಗೆ ಬರುವ ಮೊದಲು ಸೇತುವೆಯ ಬಳಿ ನಿಲ್ಲಿಸಿ, ಮೇಲಿನ ಮೀನು ತೊಳೆದು, ಐಸಿನ ಮೇಲೆ ಗೋಣಿ ಹಾಸಿ, ಅದರ ಮೇಲೆ ಮೀನು ಜೋಡಿಸುತ್ತಿದ್ದ. ನನ್ನ ಕಣ್ಣಾರೆ ಕಂಡೆ. ಐಸಿಂದಾ ಎಂದು ಕೇಳಿದವರಿಗೆ, "ಐಸಾ? ಈಗ ದೋಣಿಯಿಂದ ಇಳ್ದದ್ದ್ ಅಮ್ಮ" ಅನ್ನುತ್ತಿದ್ದ. ಎಲ್ಲರೂ ಕೊಂಡರು. ಹಳೆಯ ಗಿರಾಕಿಯೂ ಕೊಂಡಳು.

ನಾನು ಅವನ ಕ್ರೇಟು ಮಗುಚಿ ಹಾಕಲು ಹೊರಟೆ. ಅಮ್ಮ ರಟ್ಟೆ ಹಿಡಿದಳು. "ಅವ್ನ್ ಮೀನ್ ಚೆಲ್ಲಿರೆ ನನ್ ಮೀನ್ ಖರ್ಚಾತ್ತಾ?" ಎಂದಳು. ಪೆಟ್ಟಿಗೆಗೆ ಐಸಿನ ಹೆಸರು ಬಿದ್ದುಹೋಗಿತ್ತು, ಐಸಿಲ್ಲದೆ ಒಯ್ದರೂ ಯಾರೂ ನಂಬುತ್ತಿರಲಿಲ್ಲ. ಹದಿನೈದು ದಿನ ಮುಗಿಸಿ ಅಮ್ಮ ಬುಟ್ಟಿ ಹೊತ್ತು ಹೋದಾಗ ಅರ್ಧದಷ್ಟು ಮನೆಯವರು ಮೊಪೆಡ್ಡಿಗೆ ಒಗ್ಗಿಹೋಗಿದ್ದರು. ಉಳಿದವರು ಬುಟ್ಟಿಯೊಳಗೆ ಕೈಹಾಕಿ, ಐಸ್ ಅಡಗಿಸಿದ್ದಾಳೋ ಎಂದು ತಳ ಮುಟ್ಟಿ ನೋಡಿದರು. ಇಷ್ಟು ವರ್ಷ ಯಾರೂ ಅವಳ ಬುಟ್ಟಿಯ ತಳ ಮುಟ್ಟಿ ನೋಡಿರಲಿಲ್ಲ.

ವರದಿಯಲ್ಲಿ ನಾನು ಇದೆಲ್ಲ ಬರೆದಿದ್ದೆ. ಗೈಡ್ ಎರಡು ಪುಟ ಹೊಡೆದು ಹಾಕಿ, ಆರಂಭದಲ್ಲಿ ಸ್ವಲ್ಪ ಹಿಂಜರಿಕೆ ಕಂಡಿತು ಎಂಬ ಒಂದೇ ಸಾಲು ಉಳಿಸಿದರು. ನಾನು ಆ ಸಾಲನ್ನು ಹಾಗೇ ಟೈಪ್ ಮಾಡಿದೆ. ಪರೀಕ್ಷಕರ ಎದುರು ಬಸ್ಸಿನಲ್ಲಿ ನಗುವ ಅಮ್ಮನ ಫೋಟೋ ಗೋಡೆಯಷ್ಟು ದೊಡ್ಡದಾಗಿ ಬಿತ್ತು. ಎಲ್ಲರೂ ಮೆಚ್ಚಿದರು. ಅವರಲ್ಲೊಬ್ಬರು ಮಾತ್ರ, ಈಕೆ ಈಗಲೂ ಪೆಟ್ಟಿಗೆ ಬಳಸುತ್ತಿದ್ದಾರೆಯೇ ಎಂದು ಕೇಳಿದರು. ಗೈಡ್ ನನ್ನ ಮುಖ ನೋಡಿದರು.

"ಹೌದು, ದಿನವೂ" ಅಂದೆ.

ಆ ಬ್ಯಾಚಿನಲ್ಲಿ ನನಗೇ ಅತಿ ಹೆಚ್ಚು ಮಾರ್ಕ್ಸ್ ಬಂತು. ಊರಿಗೆ ಬರುವಾಗ ಅಮ್ಮ ಬಸ್ರೂರು ಬಿಟ್ಟಿದ್ದಳು. ಚಟ್ಲಿ ಸುಲಿಯುವ ಶೆಡ್ಡಿನಲ್ಲಿ ಕೂಲಿಗೆ ಸೇರಿದ್ದಳು. ಬೆಳಗಿನಿಂದ ಸಂಜೆವರೆಗೆ ಐಸ್ ನೀರಿನಲ್ಲಿ ಕೈಯಿಟ್ಟು ಸಿಗಡಿ ಸುಲಿಯುವ ಕೆಲಸ. ಬೆರಳ ತುದಿಗಳು ಬಿಳಿಚಿ ಬಿರಿದಿದ್ದವು. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತ ಕೂತೆ.

"ಪರೀಕ್ಷೆಯಂಗೆ ಎಂತ ಕೇಂಡ್ರ್?" ಎಂದಳು.

"ನೀ ಪೆಟ್ಟಿಗಿ ತಕಂಡ್ ಹೋತ್ಯಾ ಕೇಂಡ್ರ್."

"ನೀ ಎಂತ ಹೇಳ್ದೆ?"

"ದಿನಾ ತಕಂಡ್ ಹೋತ್ರ್ ಅಂದೆ."

ಅಮ್ಮ ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಹಾಂಗ್ ಸುಳ್ಳ್ ಹೇಳುಕೆ ನಂಗೂ ಬತ್ತಿದ್ರೆ ಬಸ್ರೂರಂಗೆ ಮೀನೆಲ್ಲ ಖಾಲಿ ಆತಿತ್" ಎಂದಳು.